‘ಲಭ್ಯವಿದೆ’ ಎಂಬ ಮಾತಿನ ಜವಾಬ್ದಾರಿ

ಸೂಳೆಕೆರೆ ಮಗ್ಗುಲಿನ ಕೆರೆಬಿಳಚಿಯಲ್ಲೋ ಬಸವಾಪಟ್ಟಣದಲ್ಲೋ ಇರುವ ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನ ಕಾಲೇಜು ಗ್ರಂಥಾಲಯದ ಸೂಚಿಯನ್ನು ಮೊಬೈಲಿನಲ್ಲಿ ತೆರೆದು ಪುಸ್ತಕ ಹುಡುಕುತ್ತಾಳೆ ಎಂದಿಟ್ಟುಕೊಳ್ಳಿ. ‘ಲಭ್ಯವಿದೆ’ ಎಂದು ಪರದೆ ಹೇಳುತ್ತದೆ. ಅವಳು ಬಸ್ಸು ಹಿಡಿದು ಚನ್ನಗಿರಿಗೆ ಬರುತ್ತಾಳೆ, ರ್‍ಯಾಕಿನ ಮುಂದೆ ನಿಲ್ಲುತ್ತಾಳೆ. ಪುಸ್ತಕ ಇಲ್ಲ. ಕೌಂಟರಿನಲ್ಲಿ ಕೇಳಿದರೆ ‘ಅಲ್ಲೇ ಎಲ್ಲೋ ಇರಬೇಕು, ಸರಿಯಾಗಿ ನೋಡಮ್ಮಾ’ ಎಂಬ ಉತ್ತರ. ಆ ಪುಸ್ತಕ ಬೈಂಡಿಂಗಿಗೆ ಹೋಗಿರಬಹುದು, ಯಾರೋ ಅಧ್ಯಾಪಕರ ಬೀರುವಿನಲ್ಲಿ ಇರಬಹುದು, ಅರ್ಥಶಾಸ್ತ್ರದ ಸಾಲಿನಿಂದ ಜಾರಿ ಸಮಾಜಶಾಸ್ತ್ರದ ಸಾಲಿನಲ್ಲಿ ಕುಳಿತಿರಬಹುದು, ಇಲ್ಲವೇ ಕಳೆದುಹೋಗಿ ವರ್ಷಗಳೇ ಆಗಿರಬಹುದು. ಈ ನಾಲ್ಕು ಸಂಗತಿಗಳಿಗೂ ಗಣಕಯಂತ್ರ ಆಡಿದ್ದು ಒಂದೇ ಮಾತು. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಪುಸ್ತಕದ ಸ್ಥಿತಿಯನ್ನು ನಿಜವಾಗಿ ಹೇಳಲು ಬೇಕಾದ ಅಂಕಣಗಳೆಲ್ಲ ಅದರೊಳಗೆ ಇವೆ. ಅವುಗಳನ್ನು ಖಾಲಿ ಬಿಟ್ಟವರು ನಾವು, ಮತ್ತು ಬಿಟ್ಟದ್ದಕ್ಕೆ ಮುಖ್ಯ ಕಾರಣ ಸೋಮಾರಿತನಕ್ಕಿಂತ ಹೆಚ್ಚಾಗಿ ಭಯ ಎಂಬುದು ಇಂದು ನಾನು ಹೇಳಹೊರಟಿರುವ ವಿಚಾರ.

ಕಾಗದದ ಕಾಲದಲ್ಲಿ ಈ ತೊಡಕು ಇರಲಿಲ್ಲವೆಂದಲ್ಲ, ಹೊರಗೆ ಕಾಣುತ್ತಿರಲಿಲ್ಲ ಅಷ್ಟೆ. ಅಮೆರಿಕದ ನೀನಾ ಬ್ರೌನ್ ಅವರ ಹೆಸರಿನಿಂದ ಪ್ರಸಿದ್ಧವಾದ ಎರವಲು ಪದ್ಧತಿ ನಮ್ಮಲ್ಲೂ ಬಹುಕಾಲ ನಡೆಯಿತು. ಪುಸ್ತಕದೊಳಗಿನ ಕಾರ್ಡನ್ನು ತೆಗೆದು ಓದುಗರ ಟಿಕೆಟ್ಟಿನ ಜೇಬಿಗೆ ಸೇರಿಸುವುದು, ಅದನ್ನು ವಾಪಸಾತಿ ತಾರೀಖಿನ ಪ್ರಕಾರ ಟ್ರೇಯಲ್ಲಿ ಜೋಡಿಸುವುದು, ಇಷ್ಟೇ ಅದರ ಕ್ರಮ. ಕಾರ್ಡು ಟ್ರೇಯಲ್ಲಿದ್ದರೆ ಪುಸ್ತಕ ಹೊರಗಿದೆ, ಇಲ್ಲದಿದ್ದರೆ ರ್‍ಯಾಕಿನಲ್ಲಿದೆ. ಟ್ರೇಯಲ್ಲಿ ಕಾರ್ಡೂ ಇಲ್ಲ, ರ್‍ಯಾಕಿನಲ್ಲಿ ಪುಸ್ತಕವೂ ಇಲ್ಲ ಎಂದಾದರೆ ಅದನ್ನು ಹೇಳಲು ಆ ಪದ್ಧತಿಯಲ್ಲಿ ಜಾಗವೇ ಇರಲಿಲ್ಲ. ಜಾಗ ಇದ್ದದ್ದು ಸೇರ್ಪಡೆ ವಹಿಯ ಕೊನೆಯ ಅಂಕಣದಲ್ಲಿ, ‘ಷರಾ’ ಎಂಬ ತಲೆಬರಹದ ಕೆಳಗೆ. ಅಲ್ಲಿ ಬರೆಯುವುದೆಂದರೆ ತಪಾಸಣೆ ಮುಗಿದು, ಸಮಿತಿ ಕೂತು, ಆದೇಶದ ಸಂಖ್ಯೆ ಕೈಗೆ ಬಂದ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು. ಓದುವವರು ಗ್ರಂಥಪಾಲಕರು ಮತ್ತು ಆಡಿಟಿಗೆ ಬಂದವರು ಮಾತ್ರ. ಗ್ರಂಥಾಲಯಕ್ಕೆ ಗಣಕಯಂತ್ರ ಬಂದಾಗ ಎಲ್ಲರೂ ಬಾರ್‌ಕೋಡನ್ನು ಕೊಂಡಾಡಿದರು. ಅದಕ್ಕಿಂತ ದೊಡ್ಡದೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು: ಷರಾ ಅಂಕಣ ಓದುಗರ ಕಡೆಗೆ ತಿರುಗಿತು. ಬರೆಯುವ ಕೈಗೆ ಮಾತ್ರ ಇನ್ನೂ ಕೆಂಪು ಶಾಯಿಯ ಕಾಲದ ಅಭ್ಯಾಸ ಬಿಟ್ಟಿಲ್ಲ. ಆದೇಶ ಬರುವ ತನಕ ಏನೂ ಬರೆಯಬಾರದು ಎಂದು ಅದು ಕಾಯುತ್ತದೆ, ಕಾಯುವಷ್ಟು ಕಾಲ ಪರದೆ ‘ಲಭ್ಯವಿದೆ’ ಎನ್ನುತ್ತಲೇ ಇರುತ್ತದೆ.

ಕರ್ನಾಟಕದ ಗ್ರಂಥಾಲಯಗಳಲ್ಲಿ ಇವತ್ತು ಮುಖ್ಯವಾಗಿ ಕೇಳಿಬರುವ ತಂತ್ರಾಂಶಗಳ ಹೆಸರುಗಳು ಮೂರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಈ-ಗ್ರಂಥಾಲಯ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಿದ್ಧಪಡಿಸಿದ ಸೋಲ್, ಮತ್ತು ಮುಕ್ತ ತಂತ್ರಾಂಶವಾದ ಕೋಹಾ. ನ್ಯೂಜಿಲೆಂಡಿನ ಒಂದು ಜಿಲ್ಲಾ ಗ್ರಂಥಾಲಯ ಸಂಸ್ಥೆ, 2000ನೆಯ ಇಸವಿ ಬಂದರೆ ತನ್ನ ಹಳೆಯ ಗಣಕವ್ಯವಸ್ಥೆ ಕೈಕೊಡುತ್ತದೆ ಎಂದು ತಿಳಿದು ಮಾಡಿಸಿಕೊಂಡದ್ದು ಈ ಕೋಹಾ. ಅದರ ಒಳಗಟ್ಟು ಯಾರು ಬೇಕಾದರೂ ತೆರೆದು ನೋಡುವಂತಿರುವುದರಿಂದ ನನ್ನ ಉದಾಹರಣೆಗಳನ್ನು ಅದರಿಂದಲೇ ತೆಗೆದುಕೊಳ್ಳುತ್ತೇನೆ. ಪುಸ್ತಕ ಇಶ್ಯೂ ಆಗಿದೆ, ಅವಧಿ ಮೀರಿದೆ, ಬೇರೊಬ್ಬರಿಗಾಗಿ ಕಾದಿರಿಸಿದೆ, ಶಾಖೆಯಿಂದ ಶಾಖೆಗೆ ಸಾಗುತ್ತಿದೆ ಎಂಬುದನ್ನೆಲ್ಲ ಕೋಹಾ ತನ್ನ ವ್ಯವಹಾರದಿಂದಲೇ ತಿಳಿದುಕೊಳ್ಳುತ್ತದೆ. ಅಲ್ಲಿ ಮನುಷ್ಯರ ಕೈಯಾಟ ಬೇಡ. ಯಂತ್ರಕ್ಕೆ ತಾನಾಗಿ ತಿಳಿಯದ ಸಂಗತಿಗಳಿಗೆ ಬೇರೆ ಬೇರೆ ಅಂಕಣಗಳಿವೆ: ಕಳೆದದ್ದು, ಹಾಳಾದದ್ದು, ಸಂಗ್ರಹದಿಂದ ತೆಗೆದದ್ದು, ಎರವಲಿಗೆ ಕೊಡದ್ದು, ಬಳಕೆಗೆ ನಿರ್ಬಂಧವಿರುವುದು. ಇವು ಪ್ರತಿಯೊಂದು ಪ್ರತಿಗೂ ಪ್ರತ್ಯೇಕವಾಗಿ ಅಂಟಿಕೊಂಡಿರುತ್ತವೆ. ಅಂಕಣದಲ್ಲಿ ಸೊನ್ನೆ ಇದ್ದರೆ ಎಲ್ಲ ಸರಿಯಿದೆ ಎಂದರ್ಥ.

ಇಷ್ಟೊಂದು ಅಂಕಣ ಯಾಕೆ, ‘ಸ್ಥಿತಿ’ ಅಂತ ಒಂದೇ ಪಟ್ಟಿ ಮಾಡಿದ್ದರೆ ಸಾಲದೆ ಎಂದು ಹೊಸಬರು ಕೇಳುವುದುಂಟು. ನಮ್ಮ ಸೀಮೆಯದೇ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ನೋಡೋಣ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೆಯ ಸಂಪುಟ 1902ರಲ್ಲಿ ಹೊರಬಂತು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಇರುವುದು ಅದರಲ್ಲಿ. ಈಚೆಗೆ ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯವರೂ ತಮ್ಮ ಊರಿನ ಕಲ್ಲುಗಳನ್ನು ಅಲ್ಲೇ ಹುಡುಕಬೇಕು. ಜಗಳೂರಿನವು ಮಾತ್ರ ಚಿತ್ರದುರ್ಗದ 11ನೆಯ ಸಂಪುಟಕ್ಕೆ ಸೇರಿವೆ. (1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ತಾಲ್ಲೂಕುಗಳು ಒಂದೆಡೆ ಬಂದವು, ಸಂಪುಟಗಳು ಬರಲಿಲ್ಲ.) ಹಳೆಯ ಗ್ರಂಥಾಲಯವೊಂದರಲ್ಲಿ ಈ 7ನೆಯ ಸಂಪುಟದ ಮೊದಲ ಮುದ್ರಣದ ಪ್ರತಿ ಇದೆ ಎನ್ನಿ. ಬೆನ್ನು ಬಿಟ್ಟಿದೆ, ಹಾಳೆ ಹಳದಿಗಟ್ಟಿ ಅಂಚು ಮುರಿಯುತ್ತಿದೆ. ಅದು ಪರಾಮರ್ಶನ ಗ್ರಂಥ, ಮನೆಗೆ ಕೊಡುವಂಥದ್ದಲ್ಲ. ಜೊತೆಗೆ ಹಾಳಾಗಿದೆ. ಎರಡೂ ಏಕಕಾಲಕ್ಕೆ ನಿಜ. ಒಂದೇ ಪಟ್ಟಿಯಿದ್ದರೆ ಗ್ರಂಥಪಾಲಕರು ‘ಪರಾಮರ್ಶನ’ ತೆಗೆದು ‘ಹಾಳಾಗಿದೆ’ ಎಂದು ಹಾಕುತ್ತಾರೆ. ಆರು ತಿಂಗಳ ಮೇಲೆ ಬೈಂಡಿಂಗ್ ಮುಗಿದು ಪುಸ್ತಕ ಬರುತ್ತದೆ, ಯಾರೋ ಹೊಸ ಸಹಾಯಕರು ‘ಹಾಳಾಗಿದೆ’ ಎಂಬುದನ್ನು ಅಳಿಸುತ್ತಾರೆ. ಅಲ್ಲಿಗೆ ಅದು ಮಾಮೂಲಿ ಪುಸ್ತಕ. ಮಾರನೆಯ ದಿನ ಯಾರು ಬೇಕಾದರೂ ಚೀಲಕ್ಕೆ ಹಾಕಿಕೊಂಡು ಹೋಗಬಹುದು, ಯಂತ್ರ ತಡೆಯುವುದಿಲ್ಲ. ಎರಡು ಅಂಕಣ ಬೇರೆಬೇರೆ ಇದ್ದಾಗ ಒಂದನ್ನು ಅಳಿಸಿದರೂ ಇನ್ನೊಂದು ಕಾವಲಿಗೆ ನಿಂತಿರುತ್ತದೆ. ಸೂಳೆಕೆರೆ ಕಡೆಯ ಯಾರಾದರೂ ತಮ್ಮ ಊರಿನ ಶಾಸನದ ಪಾಠ ನೋಡಬೇಕೆಂದು ಬಂದರೆ, ‘ಹಾಳಾಗಿದೆ, ಆದರೆ ಇಲ್ಲೇ ಕುಳಿತು ನೋಡಬಹುದು’ ಎಂಬ ಉತ್ತರಕ್ಕೂ ಬರಿಯ ‘ಹಾಳಾಗಿದೆ’ ಎಂಬ ಉತ್ತರಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಭಯದ ವಿಚಾರಕ್ಕೆ ಬರೋಣ. ಈ ಅಂಕಣಗಳಲ್ಲಿ ‘ಕಳೆದದ್ದು’ ಎಂಬ ಒಂದನ್ನು ಕಂಡರೆ ನಮ್ಮ ಗ್ರಂಥಪಾಲಕರ ಕೈ ಹಿಂಜರಿಯುತ್ತದೆ. ಅದನ್ನು ಒತ್ತಿದರೆ ತಪ್ಪೊಪ್ಪಿಗೆಗೆ ಸಹಿ ಹಾಕಿದಂತೆ ಎಂಬ ಭಾವನೆ. ಚಾರ್ಜ್ ವಹಿಸಿಕೊಡುವಾಗ, ವರ್ಗಾವಣೆಯಾದಾಗ, ನಿವೃತ್ತಿಯ ಅಂಚಿನಲ್ಲಿ ಪಟ್ಟಿ ಹಿಡಿದು ‘ಇಷ್ಟು ಪುಸ್ತಕ ಎಲ್ಲಿ’ ಎಂದು ಕೇಳುತ್ತಾರೆ, ವಸೂಲಿಯ ಮಾತೆತ್ತುತ್ತಾರೆ ಎಂಬ ಅಂಜಿಕೆ ಪೂರ್ತಿ ಕಲ್ಪನೆಯೂ ಅಲ್ಲ. ಪುಸ್ತಕವನ್ನು ಮೇಜು ಕುರ್ಚಿಯ ಹಾಗೆ ದಾಸ್ತಾನು ಎಂದು ಎಣಿಸುವ ಮನೋಭಾವ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಮೇಜನ್ನು ಯಾರೂ ಮನೆಗೆ ಎರವಲು ಒಯ್ಯುವುದಿಲ್ಲ. ಪುಸ್ತಕ ಇರುವುದೇ ಕೈಯಿಂದ ಕೈಗೆ ಹೋಗುವುದಕ್ಕೆ. ಹೋದದ್ದರಲ್ಲಿ ಒಂದಿಷ್ಟು ಬರುವುದಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಇದನ್ನು ಒಪ್ಪಿಕೊಂಡಿವೆ. ಅದರ 215ನೆಯ ನಿಯಮದ ಪ್ರಕಾರ, ವರ್ಷದಲ್ಲಿ ಎರವಲು ಹೋದ ಅಥವಾ ಬಳಕೆಯಾದ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳ ನಷ್ಟವನ್ನು ಸಹಜವೆಂದು ತಿಳಿಯಬಹುದು, ಅದಕ್ಕೆ ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಕಾರಣವಾಗಿರಬಾರದು ಅಷ್ಟೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಕಳೆದರೆ, ಅಪರೂಪದ ಗ್ರಂಥವಾದರೆ ಬೆಲೆ ಎಷ್ಟೇ ಇರಲಿ, ವಿಚಾರಣೆ ಕಡ್ಡಾಯ. ವರ್ಷಕ್ಕೆ 6,000 ಸಲ ಪುಸ್ತಕ ಓಡಾಡುವ ಗ್ರಂಥಾಲಯ ಎಂದಿಟ್ಟುಕೊಂಡರೆ ಈ ಲೆಕ್ಕದಲ್ಲಿ 30 ಸಂಪುಟ. ಇದು ಕೇಂದ್ರದ ನಿಯಮ, ರಾಜ್ಯದ ಪ್ರತಿ ಕಾಲೇಜಿಗೂ ನೇರವಾಗಿ ಅನ್ವಯಿಸುತ್ತದೆ ಎಂದು ನಾನು ವಾದಿಸುತ್ತಿಲ್ಲ. ಆದರೆ ಹಣಕಾಸಿನ ವಿಷಯದಲ್ಲಿ ಬಿಗಿಯಾದ ಒಂದು ನಿಯಮಾವಳಿಯೇ ನಷ್ಟವನ್ನು ಎರವಲಿನ ಪ್ರಮಾಣಕ್ಕೆ ತಾಳೆ ಹಾಕಿ ನೋಡುತ್ತದೆ ಎಂಬುದನ್ನು ಗಮನಿಸಿ. ಹೆಚ್ಚು ಪುಸ್ತಕ ಕೊಟ್ಟವನಿಗೆ ಹೆಚ್ಚು ನಷ್ಟ ಮನ್ನಾ. ಬೀರುವಿಗೆ ಬೀಗ ಹಾಕಿ ಒಂದು ಪುಸ್ತಕವನ್ನೂ ಕಳೆದುಕೊಳ್ಳದವನಿಗೆ ಅದರಲ್ಲಿ ಬಹುಮಾನವಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ‘ಕಳೆದದ್ದು’ ಎಂಬ ಒಂದೇ ಗುಂಡಿಯನ್ನು ಒಡೆದು, ಆರೋಪವಿಲ್ಲದೆ ನಿಜ ಹೇಳಬಹುದಾದ ಒಂದು ಮೆಟ್ಟಿಲನ್ನು ಮೊದಲಿಗೆ ಇಡಬೇಕು. ಕೋಹಾವನ್ನು ಸ್ಥಾಪಿಸುವಾಗಲೇ ಬರುವ ಮಾದರಿ ಪಟ್ಟಿಯಲ್ಲಿ ಇದಕ್ಕೆ ದಾರಿ ಇದೆ. ಕಳೆದದ್ದು, ಬಹುಕಾಲ ಬಾಕಿ ಉಳಿದದ್ದು, ಕಳೆದು ಹಣ ಕಟ್ಟಿದ್ದು, ಕಾಣೆಯಾದದ್ದು ಎಂದು ಅಲ್ಲಿ ಬೇರೆಬೇರೆ ಆಯ್ಕೆಗಳಿವೆ. ಇವುಗಳ ನಡುವಿನ ವ್ಯತ್ಯಾಸ ಬರಿಯ ಪದಗಳದ್ದಲ್ಲ. ಬಹುಕಾಲ ಬಾಕಿ ಎಂದರೆ ಯಾರ ಬಳಿ ಇದೆಯೆಂದು ಗೊತ್ತು, ನೋ ಡ್ಯೂ ಸರ್ಟಿಫಿಕೇಟಿಗೆ ಬಂದಾಗ ಆ ವಿದ್ಯಾರ್ಥಿಯನ್ನು ಕೇಳಬೇಕು. ಹಣ ಕಟ್ಟಿದ್ದೆಂದರೆ ಇನ್ನು ಕೊಳ್ಳುವುದೊಂದೇ ಬಾಕಿ. ಕಾಣೆ ಎಂದರೆ ಯಾರ ಬಳಿಯೂ ಇಲ್ಲ, ರ್‍ಯಾಕಿನಲ್ಲೂ ಇಲ್ಲ, ಹುಡುಕಬೇಕು. ಒಂದೊಂದರ ಮುಂದಿನ ಕೆಲಸವೂ ಬೇರೆ, ಅದನ್ನು ಮಾಡುವವರೂ ಬೇರೆ. ನನ್ನ ಪ್ರಕಾರ ಸ್ಥಿತಿಗಳ ಪಟ್ಟಿ ಮಾಡುವಾಗ ಹಿಡಿಯಬೇಕಾದ ಸೂತ್ರ ಇದೊಂದೇ: ಮುಂದಿನ ಕೆಲಸ ಬೇರೆಯಾದರೆ ಸ್ಥಿತಿ ಬೇರೆ, ಕೆಲಸ ಅದೇ ಆದರೆ ಸ್ಥಿತಿಯೂ ಅದೇ. ‘ಕಾಣೆ’ ಎಂಬ ಸ್ಥಿತಿಯನ್ನು ಕೌಂಟರಿನ ಸಹಾಯಕರೇ ಆ ಕ್ಷಣದಲ್ಲಿ ಹಾಕುವಂತಿರಬೇಕು. ‘ಕಳೆದಿದೆ’ ಎಂಬ ತೀರ್ಮಾನವನ್ನು ಗ್ರಂಥಪಾಲಕರು, ‘ಸಂಗ್ರಹದಿಂದ ತೆಗೆದಿದೆ’ ಎಂಬುದನ್ನು ಸಮಿತಿಯ ಆದೇಶವಾದ ಮೇಲಷ್ಟೇ ದಾಖಲಿಸಬೇಕು. ದಾಖಲೆಯನ್ನೇ ಡಿಲೀಟ್ ಮಾಡುವುದು ಮಾತ್ರ ಯಾವ ಹಂತದಲ್ಲೂ ಬೇಡ. ಸೇರ್ಪಡೆ ಸಂಖ್ಯೆಯ ಸಾಲಿನಲ್ಲಿ ತೂತು ಬಿದ್ದರೆ ಆಡಿಟಿನವರಿಗೆ ಉತ್ತರ ಹೇಳುವುದು ಇನ್ನೂ ಕಷ್ಟ.

ಇಲ್ಲಿ ಆಡಿಟಿನ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ‘ಕಾಣೆ’ ಎಂಬ ಸುಲಭದ ಗುಂಡಿ ಕೊಟ್ಟರೆ ಅದು ಬೇಜವಾಬ್ದಾರಿಗೆ ಪರವಾನಗಿ ಆಗುವುದಿಲ್ಲವೆ? ಕದ್ದವರೂ ‘ಕಾಣೆ’ ಎಂದು ಬರೆದು ಕೈತೊಳೆದುಕೊಳ್ಳಬಹುದಲ್ಲ? ಉತ್ತರ ತಾರೀಖಿನಲ್ಲಿದೆ. ಪ್ರತಿಯನ್ನು ಕಳೆದದ್ದರ ಪಟ್ಟಿಗೆ ಸೇರಿಸಿದ ದಿನವನ್ನು ಕೋಹಾ ತಾನೇ ಬರೆದಿಟ್ಟುಕೊಳ್ಳುತ್ತದೆ. ಹಾಳಾದದ್ದಕ್ಕೂ, ಸಂಗ್ರಹದಿಂದ ತೆಗೆದದ್ದಕ್ಕೂ ಹೀಗೇ ತಾರೀಖಿದೆ. ಈಗಿನ ವ್ಯವಸ್ಥೆಯಲ್ಲಿ ಪುಸ್ತಕ ಹತ್ತು ವರ್ಷ ‘ಲಭ್ಯ’ ಎಂದೇ ಇದ್ದು, ತಪಾಸಣೆಯ ದಿನ ಒಟ್ಟಿಗೆ ಮುನ್ನೂರು ಪುಸ್ತಕ ಇಲ್ಲವಾಗುತ್ತವೆ. ಯಾರ ಕಾಲದಲ್ಲಿ ಹೋದವು ಎಂದು ಹೇಳಲು ಯಾವ ದಾಖಲೆಯೂ ಇಲ್ಲದೆ ಆ ದಿನ ಕುರ್ಚಿಯಲ್ಲಿದ್ದವರ ತಲೆಗೆ ಬೀಳುತ್ತದೆ. ಒಂದೊಂದು ಪುಸ್ತಕವೂ ತನ್ನ ತಾರೀಖಿನೊಂದಿಗೆ ಕಾಣೆಯಾಗಿದ್ದರೆ, ಯಾವ ತಿಂಗಳು, ಯಾವ ವಿಷಯದ ಸಾಲು, ಪರೀಕ್ಷೆಯ ಮುಂಚೆಯೋ ಆಮೇಲೋ ಎಂಬ ಜಾಡು ಸಿಗುತ್ತದೆ. ಕಳ್ಳನಿಗೆ ಬೇಕಾದದ್ದು ಎಲ್ಲವೂ ‘ಲಭ್ಯ’ ಎಂದಿರುವ ಪಟ್ಟಿ. ಪ್ರಾಮಾಣಿಕ ಗ್ರಂಥಪಾಲಕರಿಗೆ ರಕ್ಷಣೆ ಕೊಡುವುದು ತಾರೀಖಿರುವ ಪಟ್ಟಿ. ಒಂದು ಎಚ್ಚರಿಕೆ ಸೇರಿಸಬೇಕು: ‘ಎರವಲಿಗಿಲ್ಲ’ ಎಂಬ ಅಂಕಣಕ್ಕೆ ಕೋಹಾ ಹೀಗೆ ತಾರೀಖಿನ ಅಂಕಣ ಇಟ್ಟಿಲ್ಲ. ಬೈಂಡಿಂಗಿಗೆ ಹೋದ ಪುಸ್ತಕಗಳನ್ನು ಅನೇಕರು ಅದರಲ್ಲೇ ಸೇರಿಸುತ್ತಾರೆ. ಹೋದ ದಿನವನ್ನು ಒಳಟಿಪ್ಪಣಿಯಲ್ಲಿ ಬರೆಯದಿದ್ದರೆ ಬೈಂಡರ್ ಅಂಗಡಿಯಲ್ಲಿ ಪುಸ್ತಕ ಎಷ್ಟು ಮಳೆಗಾಲ ಕಳೆಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಎರಡನೆಯ ಆಕ್ಷೇಪ ಮರ್ಯಾದೆಯದು. ‘ಕಾಣೆ’, ‘ಹಾಳು’ ಎಂದೆಲ್ಲ ಪರದೆಯ ಮೇಲೆ ತೋರಿಸಿದರೆ ಗ್ರಂಥಾಲಯದ ಹೆಸರು ಕೆಡುತ್ತದೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಏನನ್ನುವುದು ಎನ್ನುತ್ತಾರೆ. ಕಳೆದ ಪ್ರತಿಗಳನ್ನು ಓದುಗರ ಪರದೆಯಿಂದ ಮರೆಮಾಡುವ ಸೌಲಭ್ಯ ಕೋಹಾದಲ್ಲಿದೆ, ಕಳೆದದ್ದೆಂದು ಖಚಿತವಾದ ಮೇಲೆ ಮರೆಮಾಡಿದರೆ ನನ್ನ ತಕರಾರಿಲ್ಲ. ಹುಡುಕಾಟದಲ್ಲಿರುವ ಪುಸ್ತಕದ ಮಾತು ಬೇರೆ. ಅದನ್ನು ಮರೆಮಾಡಿದರೆ ‘ಆ ಪುಸ್ತಕ ಎರಡನೇ ಸಾಲಿನ ಕೊನೆಯಲ್ಲಿದೆ, ನಾನು ನೋಡಿದ್ದೇನೆ’ ಎಂದು ಹೇಳಬಹುದಾದ ಓದುಗರನ್ನೇ ಕಳೆದುಕೊಂಡಂತೆ. ತಂತ್ರಾಂಶ ಮಾಡಿದವರು ಒಂದು ಜಾಣತನ ಮಾಡಿದ್ದಾರೆ: ಪ್ರತಿ ಸ್ಥಿತಿಗೂ ಎರಡು ವಿವರಣೆ ಬರೆಯಬಹುದು, ಸಿಬ್ಬಂದಿಗೊಂದು, ಓದುಗರಿಗೊಂದು. ಸಿಬ್ಬಂದಿಯ ಪರದೆಯಲ್ಲಿ ‘ಕಾಣೆ’ ಎಂದಿದ್ದರೆ ಓದುಗರ ಪರದೆಯಲ್ಲಿ ‘ಹುಡುಕುತ್ತಿದ್ದೇವೆ, ಕೌಂಟರಿನಲ್ಲಿ ವಿಚಾರಿಸಿ’ ಎಂದು ಅಚ್ಚ ಕನ್ನಡದಲ್ಲಿ ಹಾಕಬಹುದು. ಈ ಎರಡನೆಯ ಜಾಗವನ್ನು ಖಾಲಿ ಬಿಟ್ಟು, ಒಳಗಿನ ಇಂಗ್ಲಿಷ್ ಸಂಕ್ಷೇಪವೇ ಹಳ್ಳಿಯ ಹುಡುಗರಿಗೆ ಕಾಣುವಂತೆ ಮಾಡುವುದು ಏನೇ ಹೇಳಿದರೂ ಒರಟುತನ. ವಿವರಣೆಯನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು. ಅದರ ಹಿಂದಿನ ಅಂಕಿಯನ್ನು ಮಾತ್ರ ಮುಟ್ಟಬಾರದು, ಏಕೆಂದರೆ ಪ್ರತಿಗಳಿಗೆ ಅಂಟಿರುವುದು ಆ ಅಂಕಿ. 4 ಎಂಬುದು ಇವತ್ತು ‘ಕಾಣೆ’ ಆಗಿದ್ದು ನಾಳೆ ಅದನ್ನು ಬೇರೊಂದಕ್ಕೆ ಕೊಟ್ಟರೆ ಹಳೆಯ ಪುಸ್ತಕಗಳೆಲ್ಲ ರಾತ್ರೋರಾತ್ರಿ ಹೊಸ ಕಥೆ ಹೇಳತೊಡಗುತ್ತವೆ. ‘ಎರವಲಿಗಿಲ್ಲ’ ಅಂಕಣದಲ್ಲಿ ಅಂಕಿಯ ಚಿಹ್ನೆಗೂ ಅರ್ಥವಿದೆ. ಧನಾಂಕಿ ಕೊಟ್ಟರೆ ಪುಸ್ತಕವನ್ನು ಕಾದಿರಿಸಲು ಬರುವುದಿಲ್ಲ, ಋಣಾಂಕಿ ಕೊಟ್ಟರೆ ಈಗ ಸಿಗದಿದ್ದರೂ ಸರದಿಯಲ್ಲಿ ನಿಲ್ಲಬಹುದು. ಆರ್ಡರಿನಲ್ಲಿರುವ ಪುಸ್ತಕಕ್ಕೆ ಮಾದರಿ ಪಟ್ಟಿಯಲ್ಲಿ –1 ಇರುವುದು ಈ ಕಾರಣಕ್ಕೆ. ಬೈಂಡಿಂಗಿಗೂ ಋಣಾಂಕಿಯೇ ಸರಿ, ಅದು ತಿರುಗಿ ಬರುವ ಪುಸ್ತಕ. ವಾಪಸು ಬಂದದ್ದನ್ನು ರಿಟರ್ನ್ ಪರದೆಯಲ್ಲಿ ಸ್ಕ್ಯಾನ್ ಮಾಡಿದೊಡನೆ ಸ್ಥಿತಿ ತಾನಾಗಿ ಸೊನ್ನೆಗೆ ಬರುವಂತೆಯೂ ಮಾಡಿಡಬಹುದು.

ಸ್ಥಿತಿಗಳು ಇಷ್ಟು ಉಪಯುಕ್ತವಾದರೆ ಮೂವತ್ತು ನಲವತ್ತು ಮಾಡಿಕೊಳ್ಳೋಣ ಎನ್ನುವ ಉತ್ಸಾಹಿಗಳಿಗೂ ಒಂದು ಮಾತು. ಸೂಳೆಕೆರೆಯ ಸಿದ್ದನಾಲೆ, ಬಸವನಾಲೆಗಳ ತೂಬು ಎತ್ತುವ ಮುನ್ನ ನೀರುಗಂಟಿಯವರು ನೋಡುವುದು ಕೆರೆಯ ಮಟ್ಟವನ್ನು. ಮಟ್ಟದ ಗುರುತು ಕೆಲವೇ ಇದ್ದರೂ ಸರಿಯಾಗಿದ್ದರೆ ಅಚ್ಚುಕಟ್ಟಿನ ಕೊನೆಭಾಗದವರಿಗೆ ನೀರಿನ ಅಂದಾಜು ಸಿಗುತ್ತದೆ. ಗುರುತು ನೂರಿದ್ದು ಯಾರೂ ಓದಲಾರದಂತಿದ್ದರೆ ಅದು ಕಲ್ಲಿನ ಮೇಲಿನ ಗೀರು ಅಷ್ಟೆ. ‘ಸ್ವಲ್ಪ ಹರಿದಿದೆ’, ‘ಹೆಚ್ಚು ಹರಿದಿದೆ’, ‘ಗೆದ್ದಲು ತಿಂದಿದೆ’, ‘ನೆನೆದಿದೆ’ ಎಂದು ನಾಲ್ಕು ಮಾಡಿದರೆ ಕೌಂಟರಿನಲ್ಲಿ ಸಾಲು ನಿಂತಿರುವಾಗ ಸಹಾಯಕರು ಮೊದಲು ಕಂಡದ್ದನ್ನು ಒತ್ತುತ್ತಾರೆ. ನಾಲ್ಕಕ್ಕೂ ಮುಂದಿನ ಕೆಲಸ ದುರಸ್ತಿಯೇ ಆದರೆ ಒಂದೇ ಸ್ಥಿತಿ ಸಾಕು. ಗೆದ್ದಲಿನದನ್ನು ಮಾತ್ರ ಉಳಿದ ಪುಸ್ತಕಗಳಿಂದ ದೂರ ಇಡಬೇಕಾದ್ದರಿಂದ ಅದನ್ನು ಬೇರೆ ಮಾಡಿ ಎಂದರೆ ಒಪ್ಪುತ್ತೇನೆ.

ಹಳ್ಳಿಯ ಗ್ರಂಥಾಲಯಕ್ಕೆ ಇದೆಲ್ಲ ಹೆಚ್ಚಾಯಿತು ಎನ್ನುವವರಿದ್ದಾರೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳಿಗೆ 1965ರ ಅಧಿನಿಯಮ ಆಧಾರ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು, ಈಗ ಅರಿವು ಕೇಂದ್ರಗಳೆಂದು ಕರೆಸಿಕೊಳ್ಳುತ್ತಿವೆ. ಒಂದು ಕೋಣೆ, ಒಬ್ಬರೇ ಮೇಲ್ವಿಚಾರಕರು, ಪುಸ್ತಕಗಳೆಲ್ಲ ಕಣ್ಣಳತೆಯಲ್ಲಿ. ಅಲ್ಲಿ ಕೋಹಾ ಬೇಕೇಬೇಕೆಂದು ನಾನು ಹೇಳುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪುಸ್ತಕ, ತಾರೀಖು, ಏನಾಗಿದೆ ಎಂಬ ಮೂರು ಕಾಲಂ ಸಾಕು. ಆದರೆ ಪುಸ್ತಕಗಳು ಕಡಿಮೆ ಇರುವಲ್ಲಿ ಪ್ರತಿಯೊಂದು ಪ್ರತಿಯ ತೂಕವೂ ಹೆಚ್ಚು ಎಂಬುದನ್ನು ಮರೆಯಬಾರದು. ದೊಡ್ಡ ಗ್ರಂಥಾಲಯದಲ್ಲಿ ಒಂದು ನಿಘಂಟು ಕಾಣೆಯಾದರೆ ಇನ್ನೊಂದು ಇರುತ್ತದೆ, ಪಂಚಾಯಿತಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಒಂದೇ ಪುಸ್ತಕ ಯಾರದೋ ಮನೆಯ ಅಟ್ಟ ಸೇರಿದರೆ ಆ ಊರಿಗೇ ಅದು ಇಲ್ಲ. ಓದುಗರ ಸಮಯ ಉಳಿಸಬೇಕು ಎಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅದಕ್ಕೆ ಗ್ರಂಥಾಲಯದ ಗಾತ್ರದ ಷರತ್ತನ್ನು ಅವರು ಹಾಕಿರಲಿಲ್ಲ.

ಉಳಿದದ್ದು ಸಿಬ್ಬಂದಿಯ ಕೊರತೆ. ಇದು ದಿಟವಾದ ಕಷ್ಟ, ಖಾಲಿ ಹುದ್ದೆಗಳಿಗೆ ತಂತ್ರಾಂಶ ಪರಿಹಾರವಲ್ಲ. ಆದರೂ ಇರುವವರು ಮಾಡಬಹುದಾದ ಕೆಲಸದ ಅಳತೆ ನೋಡೋಣ. ಅದೇ 215ನೆಯ ನಿಯಮ 20,000 ಸಂಪುಟಗಳವರೆಗಿನ ಗ್ರಂಥಾಲಯಕ್ಕೆ ವರ್ಷಕ್ಕೊಮ್ಮೆ, 50,000ದವರೆಗಿನದಕ್ಕೆ ಮೂರು ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಹೇಳುತ್ತದೆ. ಇದನ್ನು ಬಾಗಿಲು ಮುಚ್ಚಿ ಒಂದೇ ಸಲಕ್ಕೆ ಮಾಡಬೇಕಾಗಿಲ್ಲ. ಸೆಮಿಸ್ಟರ್ ರಜೆಯಲ್ಲಿ ಒಂದೊಂದೇ ರ್‍ಯಾಕಿನ ಬಾರ್‌ಕೋಡುಗಳನ್ನು ಸ್ಕ್ಯಾನ್ ಮಾಡಿ ಕೋಹಾದ ದಾಸ್ತಾನು ಪರಿಶೀಲನೆಗೆ ಕೊಟ್ಟರೆ, ಅಲ್ಲಿ ಇರಬೇಕಾಗಿದ್ದು ಸಿಗದ ಪ್ರತಿಗಳ ಪಟ್ಟಿಯನ್ನೂ ಬೇರೆ ಸಾಲಿನಿಂದ ಬಂದು ಕುಳಿತವುಗಳ ಪಟ್ಟಿಯನ್ನೂ ಅದು ಕೊಡುತ್ತದೆ. ಎರಡನೆಯ ಪಟ್ಟಿಯನ್ನು ಮೊದಲು ಕೈಗೆತ್ತಿಕೊಳ್ಳಿ. ‘ಕಾಣೆ’ ಎಂದುಕೊಂಡದ್ದರಲ್ಲಿ ಒಂದು ಪಾಲು ಅಲ್ಲೇ, ಪಕ್ಕದ ಸಾಲಿನಲ್ಲಿ ಸಿಗುತ್ತದೆ. ಉಳಿದದ್ದಕ್ಕೆ ಅಂದೇ ‘ಕಾಣೆ’ ಸ್ಥಿತಿ ಹಾಕಿ, ಪಟ್ಟಿಯ ಒಂದು ಪ್ರತಿಯನ್ನು ತಾರೀಖು ನಮೂದಿಸಿ ಪ್ರಾಂಶುಪಾಲರಿಗೆ ಕಳಿಸಿ, ಇನ್ನೊಂದನ್ನು ಕೌಂಟರಿನ ಮೇಲಿಡಿ. ಮುಂದಿನ ಸೆಮಿಸ್ಟರಿನಲ್ಲಿ ಅದೇ ರ್‍ಯಾಕಿಗೆ ತಿರುಗಿ ಬಂದಾಗಲೂ ಸಿಗದವುಗಳನ್ನು ಸಮಿತಿಯ ಮುಂದಿಡಬಹುದು, ಪರೀಕ್ಷೆಗೆ ಬೇಕಾದವುಗಳನ್ನು ಅಷ್ಟರೊಳಗೆ ಮತ್ತೆ ತರಿಸಬಹುದು.